ಮನೆಮಂದಿ ಜೊತೆ ಊಟಕ್ಕೆ 800 ರೂಪಾಯಿ ಒಳಗಿನ ಒಳ್ಳೆಯ ವೈನ್ ಯಾವುದು? ಬಳ್ಳಾರಿ, ಕೊಪ್ಪಳದಲ್ಲಿ ಸಿಗುವಂಥದ್ದು ಹೇಳಿ

ತೋರಣಗಲ್ಲು ಬಿ ಶಿಫ್ಟ್

ಎಲ್ಲರಿಗೂ ನಮಸ್ಕಾರ. ಮೇ ರಜೆಗೆ ನಮ್ಮ ಮನೆಮಂದಿಯೆಲ್ಲ ಕೊಪ್ಪಳದ ಹಳೇ ಮನೆಯಲ್ಲಿ ಸೇರುತ್ತೇವೆ. ಅಣ್ಣ, ಅತ್ತಿಗೆ, ಅಕ್ಕ, ಭಾವ, ಚಿಕ್ಕಪ್ಪನ ಮಕ್ಕಳು, ದೊಡ್ಡವರೇ ಹತ್ತು ಮಂದಿ ಆಗುತ್ತೇವೆ. ಪ್ರತಿ ವರ್ಷ ಗಂಡಸರು ವಿಸ್ಕಿ ಹಿಡಿದು ಮಾಳಿಗೆ ಮೇಲೆ, ಹೆಂಗಸರು ಕೆಳಗೆ ಅಡುಗೆಮನೆಯಲ್ಲಿ. ರಾತ್ರಿ ಹನ್ನೊಂದಾದರೂ ಊಟಕ್ಕೆ ಇಳಿಯುವವರಿಲ್ಲ. ಅಕ್ಕನಿಗೆ ಇದು ಸಾಕಾಗಿದೆ. "ಈ ಸಲ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಬೇಕು. ಬೇಕಾದವರಿಗೆ ಊಟದ ಜೊತೆ ಒಂದು ಗ್ಲಾಸ್ ವೈನ್ ಇರಲಿ, ವಿಸ್ಕಿ ಬೇಡವೇ ಬೇಡ" ಅಂದಿದ್ದಾಳೆ. ತರುವ ಜವಾಬ್ದಾರಿ ನನಗೆ ಬಿದ್ದಿದೆ.

ಬಾಟಲಿಗೆ 800 ರೂಪಾಯಿ ದಾಟಬಾರದು. ಬಳ್ಳಾರಿಯಲ್ಲೋ ಕೊಪ್ಪಳದಲ್ಲೋ ಸಿಗಬೇಕು, ಬೆಂಗಳೂರಿಗೆ ಹೋಗಿ ತರೋಕೆ ಆಗಲ್ಲ. ಊಟ ನಮ್ಮದೇ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಒಂದು ದಿನ ಮಟನ್. ಖಾರ ಜಾಸ್ತಿ. ಅಕ್ಕ, ಅತ್ತಿಗೆ ಇಬ್ಬರೂ ಇಲ್ಲಿವರೆಗೆ ವೈನ್ ರುಚಿಯನ್ನೇ ನೋಡಿಲ್ಲ. ಯಾವುದು ತರಲಿ, ಎಷ್ಟು ತರಲಿ?

ಲಿಂಗಸೂಗೂರು ಹುಡುಗ

ಪೋರ್ಟ್ ವೈನ್ ತಗೊಳ್ಳಿ ಅಣ್ಣಾ. ಸಿಹಿ ಇರುತ್ತೆ, ರೇಟೂ ಕಮ್ಮಿ. ಎಲ್ಲ ಅಂಗಡಿಯಲ್ಲೂ ಸಿಗುತ್ತೆ.

ರಾಯಚೂರು ಬಿಸಿಲು

ಯಾವ ಹೆಸರು ಅನ್ನೋದಕ್ಕಿಂತ ಮೊದಲು ಯಾವ ಅಂಗಡಿ ಅನ್ನೋದು ನೋಡಿ. ನಮ್ಮ ಕಡೆ ವೈನ್ ಕೊಳ್ಳುವವರಿಗೆ ನಾನು ಹೇಳೋ ಮೊದಲ ಮಾತು ಇದೇ. 600 ರೂಪಾಯಿಯ ಬಾಟಲಿ ತಂಪಾದ ಜಾಗದಲ್ಲಿದ್ದರೆ, ಬಿಸಿಲಲ್ಲಿ ನಿಂತ 2,000 ರೂಪಾಯಿಯ ಬಾಟಲಿಗಿಂತ ಚೆನ್ನಾಗಿರುತ್ತದೆ.

ಕಾರಣ ಇಷ್ಟೇ. ವಿಸ್ಕಿ, ರಮ್‌ನಲ್ಲಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಅವು ಸೆಕೆಗೆ ಅಷ್ಟು ಬೇಗ ಕೆಡುವುದಿಲ್ಲ. ವೈನ್‌ನಲ್ಲಿ ಇರೋದು ಶೇ 12ರಿಂದ 14. ಉಳಿದದ್ದೆಲ್ಲ ಹಣ್ಣಿನ ನೀರು, ಹುಳಿ, ವಾಸನೆ. ನಮ್ಮ ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ. ರಾತ್ರಿ ಶಟರ್ ಎಳೆದ ಮೇಲೆ ಅಂಗಡಿ ಒಳಗೆ ಎಷ್ಟು ಕಾವು ಇರುತ್ತೆ ಅಂತ ಯೋಚಿಸಿ. ಅಂಥ ಕಡೆ ವಾರಗಟ್ಟಲೆ ನಿಂತ ವೈನ್‌ನಲ್ಲಿ ಹಣ್ಣಿನ ತಾಜಾ ವಾಸನೆ ಹೋಗಿ, ಬೇಯಿಸಿದ ಹಣ್ಣಿನ ವಾಸನೆ ಬರುತ್ತದೆ. ಮೊದಲ ಸಲ ಕುಡಿಯುವವರು ಅದನ್ನೇ ಕುಡಿದು "ವೈನ್ ಅಂದ್ರೆ ಇಷ್ಟೇನಾ" ಅಂತ ಬಿಟ್ಟುಬಿಡುತ್ತಾರೆ. ನನಗೆ ಬೇಜಾರಾಗೋದು ಅಲ್ಲೇ.

ಬಾಟಲಿ ಕೈಗೆ ತಗೊಂಡಾಗ ಹೀಗೆ ನೋಡಿ. ಕಾರ್ಕ್ ಇದ್ದರೆ ಮೇಲಿನ ಹಾಳೆಯ ಮೇಲೆ ಬೆರಳಾಡಿಸಿ. ಕಾರ್ಕ್ ಸ್ವಲ್ಪ ಉಬ್ಬಿ ಮೇಲೆದ್ದಿದ್ದರೆ, ಕುತ್ತಿಗೆ ಹತ್ತಿರ ಅಂಟಂಟು ಇದ್ದರೆ, ಕಾವಿಗೆ ಒಳಗಿನ ವೈನ್ ಹಿಗ್ಗಿ ಹೊರಗೆ ಬಂದಿದೆ ಅಂತ ಅರ್ಥ. ಅದನ್ನು ವಾಪಸ್ ಇಡಿ. ಬಿಳಿ ವೈನ್ ಆದರೆ ಟ್ಯೂಬ್‌ಲೈಟ್ ಕಡೆ ಹಿಡಿದು ಬಣ್ಣ ನೋಡಿ. ತಿಳಿ ಹಳದಿ ಇರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಬೇಡ. ಲೇಬಲ್ ಮೇಲೆ ಕೊಯ್ಲಿನ ವರ್ಷ ಇದ್ದರೆ ಬಿಳಿಯದು, ರೋಸೆ (ಗುಲಾಬಿ ಬಣ್ಣದ ವೈನ್) ಎರಡೂ ಹೋದ ವರ್ಷದ್ದೋ ಈ ವರ್ಷದ್ದೋ ಆಗಿರಲಿ. ವೈನ್ ಹಳೆಯದಾದಷ್ಟೂ ರುಚಿ ಅನ್ನೋದು ಈ ರೇಟಿನ ಬಾಟಲಿಗಳಿಗೆ ಅನ್ವಯಿಸೋದಿಲ್ಲ. ಇವನ್ನು ಮಾಡೋದೇ ಬೇಗ ಕುಡಿಯಲಿ ಅಂತ.

ಕಪಾಟಿನಲ್ಲಿ ಅಂದಕ್ಕೆ ನಿಲ್ಲಿಸಿದ ಬಾಟಲಿ ಬೇಡ, ಒಳಗಿನ ಪೆಟ್ಟಿಗೆಯಿಂದ ಕೊಡಿ ಅಂತ ಕೇಳಿ. ಫ್ರಿಜ್‌ನಲ್ಲಿ ಬಿಯರ್ ಜೊತೆ ಇಟ್ಟಿದ್ದರೆ ಇನ್ನೂ ಒಳ್ಳೇದು. ತಿರುಪಿನ ಮುಚ್ಚಳದ ಬಾಟಲಿ ಸಿಕ್ಕರೆ ಅದನ್ನೇ ತಗೊಳ್ಳಿ. ಅದು ಕೀಳು ದರ್ಜೆಯದು ಅನ್ನೋದು ತಪ್ಪು ತಿಳಿವಳಿಕೆ. ಕಾರ್ಕ್ ತೆಗೆಯೋ ಸ್ಕ್ರೂ ಹುಡುಕೋ ಕಷ್ಟವೂ ಇಲ್ಲ.

@ಲಿಂಗಸೂಗೂರು ಹುಡುಗ: ತಮ್ಮಾ, ನಮ್ಮಲ್ಲಿ ಪೋರ್ಟ್ ಅಂತ ಮಾರೋದು ಹೆಚ್ಚಾಗಿ ಸಕ್ಕರೆ ಜಾಸ್ತಿ ಇರುವ, ಆಲ್ಕೋಹಾಲ್ ಸೇರಿಸಿದ ವೈನ್. ಪೋರ್ಚುಗಲ್‌ನ ದೌರೋ ಕಣಿವೆಯಲ್ಲಿ ಮಾಡುವ ಪೋರ್ಟ್ ಬೇರೆಯೇ. ಅಲ್ಲಿ ರಸ ಹುದುಗುತ್ತಿರುವಾಗಲೇ ಬ್ರಾಂದಿ ಹಾಕಿ ಹುದುಗು ನಿಲ್ಲಿಸುತ್ತಾರೆ, ಹಣ್ಣಿನ ಸಿಹಿ ಹಾಗೇ ಉಳಿಯುತ್ತದೆ. ಊಟ ಆದ ಮೇಲೆ ಒಂದು ಗುಟುಕು ಅಂದರೆ ಸರಿ. ರೊಟ್ಟಿ ಜೊತೆ ಪೋರ್ಟ್ ಹೊಂದುವುದಿಲ್ಲ.

ತೋರಣಗಲ್ಲು ಬಿ ಶಿಫ್ಟ್

ಬಿಸಿಲು ಅವರೇ, ಬಹಳ ಉಪಕಾರ. ಕೆಂಪು ವೈನನ್ನು ಫ್ರಿಜ್‌ನಲ್ಲಿ ಇಡಬಾರದು, ಹೊರಗಿನ ಬಿಸಿಯಲ್ಲೇ ಕುಡಿಯಬೇಕು ಅಂತ ಭಾವ ಹೇಳ್ತಾರೆ. ಹೌದಾ?

ರಾಯಚೂರು ಬಿಸಿಲು

ಆ ಮಾತು ಚಳಿ ದೇಶದ್ದು. ಅಲ್ಲಿನ ಕೋಣೆ ಅಂದರೆ 16–18 ಡಿಗ್ರಿ. ಮೇ ತಿಂಗಳ ಕೊಪ್ಪಳದ ಮನೆಯೊಳಗೆ 35 ಇರುತ್ತದೆ. ಆ ಬಿಸಿಯಲ್ಲಿ ಕೆಂಪು ವೈನ್ ಸುರಿದರೆ ಮೂಗಿಗೆ ಬರೀ ಸ್ಪಿರಿಟ್ ಹೊಡೆಯುತ್ತದೆ. ಕೆಂಪು ಬಾಟಲಿಯನ್ನು ಊಟಕ್ಕೆ ಒಂದು ತಾಸು ಮೊದಲು ಫ್ರಿಜ್‌ಗೆ ಹಾಕಿ. ಬಿಳಿ, ರೋಸೆ ಆದರೆ ಬೆಳಿಗ್ಗೆಯಿಂದಲೇ ಇರಲಿ, 8–10 ಡಿಗ್ರಿಗೆ ಬರಬೇಕು. ನಮ್ಮ ಸೆಕೆಯಲ್ಲಿ ಗ್ಲಾಸಿಗೆ ಬಿದ್ದ ಹತ್ತು ನಿಮಿಷಕ್ಕೇ ಕಾವೇರುತ್ತದೆ. ಸ್ವಲ್ಪ ಸ್ವಲ್ಪವೇ ಬಗ್ಗಿಸಿಕೊಳ್ಳಿ.

ಕರೆಂಟ್ ಕೈಕೊಟ್ಟರೆ ಬಕೆಟ್‌ಗೆ ಐಸ್, ಮುಳುಗುವಷ್ಟು ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿಡಿ. ಇಪ್ಪತ್ತು ನಿಮಿಷದಲ್ಲಿ ತಣ್ಣಗಾಗುತ್ತದೆ. ಬರೀ ಐಸ್ ಆದರೆ ಹೊತ್ತು ಹಿಡಿಯುತ್ತದೆ, ನೀರು ಇದ್ದರೇ ಬಾಟಲಿಗೆ ಸುತ್ತಲೂ ತಂಪು ತಾಗೋದು. ಐಸೂ ಇಲ್ಲವೆಂದರೆ ಒದ್ದೆ ಪಂಚೆ ಸುತ್ತಿ ಗಾಳಿ ಬರುವ ಕಿಟಕಿ ಹತ್ತಿರ ಇಡಿ. ನಮ್ಮದು ಒಣ ಸೆಕೆ ಅಲ್ವಾ, ಬಟ್ಟೆಯ ನೀರು ಬೇಗ ಆರುತ್ತಾ ಬಾಟಲಿಯ ಕಾವು ಎಳೆದುಕೊಳ್ಳುತ್ತದೆ. ಫ್ರಿಜ್‌ನಷ್ಟು ತಣ್ಣಗಾಗದಿದ್ದರೂ ಕುಡಿಯುವ ಹಾಗೆ ಆಗುತ್ತದೆ.

ಇನ್ನೊಂದು, ಅಂಗಡಿಯಿಂದ ತರುವಾಗ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಮಧ್ಯಾಹ್ನದ ಡಿಕ್ಕಿ ಒಲೆ ಇದ್ದ ಹಾಗೆ.

ಎಣ್ಣೆಗಾಯಿ ಗಂಗಾವತಿ

ಊಟದ ವಿಷಯ ನಾನು ಹೇಳ್ತೀನಿ. ನಮ್ಮ ಮನೆಯಲ್ಲಿ ನಾನು, ನಮ್ಮ ಯಜಮಾನರು, ನಾದಿನಿ ಮೂವರೂ ಭಾನುವಾರ ಊಟದ ಜೊತೆ ಒಂದೊಂದು ಗ್ಲಾಸ್ ತಗೊಳ್ಳುತ್ತೇವೆ. ಪುಸ್ತಕದಲ್ಲಿ ಬರೆದ ಜೋಡಿಗಳು ನಮ್ಮ ಅಡುಗೆಗೆ ಹೊಂದೋದಿಲ್ಲ. ಖಾರ ಎಲ್ಲವನ್ನೂ ಬದಲಾಯಿಸುತ್ತೆ.

ಕೆಂಪು ವೈನ್‌ನಲ್ಲಿ ಒಗರು ಇರುತ್ತದೆ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಒಗರು ಅದು. ನಾಲಿಗೆ ಮೇಲೆ ಖಾರ ಉರಿಯುತ್ತಿರುವಾಗ ಒಗರು ಮತ್ತು ಆಲ್ಕೋಹಾಲ್ ಎರಡೂ ಸೇರಿ ಉರಿಯನ್ನು ಇನ್ನೂ ಎಬ್ಬಿಸುತ್ತವೆ. ಹಾಗಾಗಿ ಮಿರ್ಚಿ ಭಜಿ ಜೊತೆ ಕ್ಯಾಬರ್ನೆ ಸೊವಿನ್ಯಾನ್ ಅನ್ನೋ ಒಗರು ಜಾಸ್ತಿಯ ಕೆಂಪು ವೈನ್ ಕುಡಿದವರು ಇನ್ನೊಮ್ಮೆ ವೈನ್ ಕಡೆ ನೋಡೋದಿಲ್ಲ. ಸ್ವಲ್ಪ ಸಿಹಿ, ಚೆನ್ನಾಗಿ ತಣ್ಣಗಿರುವ ವೈನ್ ಆದರೆ ಖಾರ ಇಳಿಯುತ್ತದೆ.

ನನ್ನ ಪ್ರಕಾರ ನಮ್ಮ ಊಟಕ್ಕೆ ಶೆನಿನ್ ಬ್ಲಾಂಕ್ ಮೊದಲು. ಬಿಳಿ ವೈನ್, ಹುಳಿ ಚೆನ್ನಾಗಿರುತ್ತದೆ. ನಮ್ಮ ದೇಶದಲ್ಲಿ ಮಾಡುವ ಹಲವು ಶೆನಿನ್‌ಗಳಲ್ಲಿ ತುಸು ಸಿಹಿಯೂ ಉಳಿಸಿರುತ್ತಾರೆ. ಗ್ಲಾಸಿಗೆ ಮೂಗು ಇಟ್ಟರೆ ಪೇರಲ ಹಣ್ಣಿನ ವಾಸನೆ ಬರುತ್ತೆ. ಎಣ್ಣೆಗಾಯಿಯಲ್ಲಿ ಶೇಂಗಾ, ಎಳ್ಳು, ಕೊಬ್ಬರಿ, ಹುಣಸೆಹಣ್ಣು, ಬೆಲ್ಲ ಎಲ್ಲ ಇದೆ ಅಲ್ವಾ. ಎಣ್ಣೆ ಜಾಸ್ತಿ. ಶೆನಿನ್‌ನ ಹುಳಿ ಬಾಯಲ್ಲಿನ ಆ ಜಿಡ್ಡನ್ನು ತೊಳೆದುಬಿಡುತ್ತದೆ, ಮುಂದಿನ ತುತ್ತು ಮತ್ತೆ ಮೊದಲ ತುತ್ತಿನ ಹಾಗೆ ರುಚಿ ಕೊಡುತ್ತದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಜೊತೆಗೂ ಇದೇ ಚೆಂದ.

ಸೊವಿನ್ಯಾನ್ ಬ್ಲಾಂಕ್ ಕೂಡ ಬಿಳಿಯದೇ. ಆದರೆ ಅದಕ್ಕೆ ದೊಣ್ಣೆಮೆಣಸಿನಕಾಯಿಯ ವಾಸನೆ ಇರುತ್ತದೆ, ಸಿಹಿ ಇರೋದಿಲ್ಲ. ಕೆಲವರಿಗೆ ಹಿಡಿಸುತ್ತೆ, ಮೊದಲ ಸಲಕ್ಕೆ ಬೇಡ. ತುಂಗಭದ್ರೆಯ ಮೀನು ಕರಿದು ನಿಂಬೆಹಣ್ಣು ಹಿಂಡಿದ್ದರೆ ಮಾತ್ರ ಅದನ್ನೇ ತನ್ನಿ.

ಮಟನ್ ದಿನಕ್ಕೆ ಕೆಂಪು ಇರಲಿ. ಮಾಂಸದ ಕೊಬ್ಬು ಒಗರನ್ನು ತಗ್ಗಿಸುತ್ತದೆ. ಶಿರಾಜ್ ತಗೊಳ್ಳಿ, ಅದರಲ್ಲೇ ಕರಿಮೆಣಸಿನ ವಾಸನೆ ಇರುತ್ತದೆ, ನಮ್ಮ ಮಸಾಲೆಗೆ ಹೊಂದುತ್ತದೆ. ಒಗರು ಇನ್ನೂ ಕಮ್ಮಿ ಬೇಕೆಂದರೆ ಮೆರ್ಲೋ. ಆ ದಿನ ಮಟನ್‌ಗೆ ಖಾರದ ಪುಡಿ ಒಂದು ಚಮಚ ಕಮ್ಮಿ ಹಾಕಿ, ಕೊಬ್ಬರಿ, ಗಸಗಸೆ ಜಾಸ್ತಿ ಹಾಕಿ. ವೈನ್‌ಗೂ ಜಾಗ ಬಿಡಬೇಕು.

ಎರಡೂ ದಿನಕ್ಕೆ ಒಂದೇ ಜಾತಿ ಸಾಕು ಅಂದರೆ ರೋಸೆ ತಗೊಳ್ಳಿ.

ಕುಷ್ಟಗಿ ತೋಟ

ದ್ರಾಕ್ಷಿ ಬೆಳೆಯುವವನಾಗಿ ನಾಲ್ಕು ಮಾತು.

ಮೊದಲಿಗೆ ಹೆಸರುಗಳು. ನಮ್ಮ ರಾಜ್ಯದ್ದೇ ಅಂದರೆ ಗ್ರೋವರ್, ಈಗ ಗ್ರೋವರ್ ಜಂಪಾ. ನಂದಿ ಬೆಟ್ಟದ ಸೀಮೆಯಲ್ಲಿ, ದೊಡ್ಡಬಳ್ಳಾಪುರದ ಹತ್ತಿರ 1988ರಲ್ಲಿ ಶುರುವಾದದ್ದು. ಅವರ ಆರ್ಟ್ ಕಲೆಕ್ಷನ್ ಸಾಲಿನಲ್ಲಿ ಬಿಳಿ, ಕೆಂಪು, ರೋಸೆ ಮೂರೂ ಇವೆ. ಸುಲಾ ನಾಸಿಕ್‌ನದು, ಆದರೆ ಚನ್ನಪಟ್ಟಣದಲ್ಲೂ ಅವರ ವೈನರಿ ಇದೆ. ಅವರ ಶೆನಿನ್ ಬ್ಲಾಂಕ್ ಗಂಗಾವತಿ ಅಕ್ಕ ಹೇಳಿದ ಹಾಗೆ ತುಸು ಸಿಹಿಯದು, ಹೊಸಬರಿಗೆ ಸರಿ. ಸೋಲಾಪುರ ಜಿಲ್ಲೆಯ ಅಕಲೂಜ್‌ನ ಫ್ರಾಟೆಲ್ಲಿ ಕೂಡ ಚೆನ್ನಾಗಿದೆ. ಪ್ರತಿ ಕಂಪನಿಯಲ್ಲೂ ಅಗ್ಗದ ಸಾಲು, ನಡುವಿನ ಸಾಲು, ದುಬಾರಿ ಸಾಲು ಅಂತ ಇರುತ್ತವೆ. ತೀರಾ ಅಗ್ಗದ ಸಾಲಿನ ಮೇಲೆ ಬರೀ ರೆಡ್, ವೈಟ್ ಅಂತ ಇರುತ್ತದೆ. ದ್ರಾಕ್ಷಿ ತಳಿಯ ಹೆಸರು ಬರೆದಿರುವ ಸಾಲಿಗೆ ಹೋಗಿ. ನಿಮ್ಮ ಬಜೆಟ್ಟಿನ ಬಾಟಲಿಗಳು ಹೆಚ್ಚಾಗಿ ಅಲ್ಲೇ ಸಿಗುತ್ತವೆ. ಎಂಆರ್‌ಪಿ ನೋಡಿಯೇ ಕೊಡಿ, ಎಂಎಸ್‌ಐಎಲ್ ಅನ್ನೋ ಸರ್ಕಾರಿ ಮಳಿಗೆಗಳಲ್ಲೂ ಕೇಳಿ ನೋಡಿ.

ಹೊರದೇಶದ್ದು ಈ ದುಡ್ಡಿಗೆ ನೋಡಲೇಬೇಡಿ. ಆಮದು ಸುಂಕವೇ ಬಹಳ ವರ್ಷ ಶೇ 150 ಇತ್ತು. ಬಾಟಲಿಗೆ ಕೊಡುವ ದುಡ್ಡಿನಲ್ಲಿ ವೈನ್‌ಗೆ ಹೋಗುವ ಪಾಲು ಸಣ್ಣದು.

ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಒಳ್ಳೇ ವೈನ್ ಆಗುತ್ತದೆ ಅನ್ನೋದು ಇಲ್ಲಿನ ಬಹಳ ಮಂದಿಗೆ ಗೊತ್ತಿಲ್ಲ. ಲೇಬಲ್ ಮೇಲೆ ಕೆಆರ್‌ಎಸ್‌ಎಂಎ, ಹಂಪಿ ಹಿಲ್ಸ್ ಅಂತ ಇರುತ್ತದೆ. ಸ್ವಂತ ತೋಟದ ದ್ರಾಕ್ಷಿಯಿಂದಲೇ ಮಾಡುತ್ತಾರೆ. ಅದು 800ರ ಒಳಗೆ ಬರೋದಿಲ್ಲ. ಆದರೆ ಮನೆಯಲ್ಲಿ ಏನಾದರೂ ದೊಡ್ಡ ಸಂತೋಷ ಬಂದಾಗ ಎಲ್ಲರೂ ದುಡ್ಡು ಕೂಡಿಸಿ ಒಂದು ಬಾಟಲಿ ತನ್ನಿ. ನಮ್ಮ ಕೆಂಪು ಮಣ್ಣು, ನಮ್ಮ ಬಿಸಿಲಲ್ಲಿ ಬೆಳೆದ ಹಣ್ಣಿನ ರುಚಿ ನಿಮ್ಮ ಮನೆಯವರಿಗೂ ಗೊತ್ತಾಗಲಿ.

ವೈನ್ ದ್ರಾಕ್ಷಿ ನಾವು ತಿನ್ನುವ ದ್ರಾಕ್ಷಿ ಅಲ್ಲ. ನಾನು ಬೆಳೆಯೋದು ಥಾಮ್ಸನ್ ಸೀಡ್‌ಲೆಸ್, ತಿನ್ನೋಕೆ ಮತ್ತು ಒಣದ್ರಾಕ್ಷಿಗೆ. ಕಾಯಿ ದಪ್ಪ, ಸಿಪ್ಪೆ ತೆಳು, ಬೀಜ ಇಲ್ಲ. ವೈನ್ ತಳಿಯ ಕಾಯಿ ಸಣ್ಣದು, ಸಿಪ್ಪೆ ದಪ್ಪ, ಬೀಜ ಇರುತ್ತದೆ. ಬಣ್ಣ, ಒಗರು, ವಾಸನೆ ಹೆಚ್ಚಾಗಿ ಆ ಸಿಪ್ಪೆಯಲ್ಲೇ. ಎಲ್ಲ ತೋಟಕ್ಕೂ ಕತ್ತರಿ ಎರಡು ಸಲ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಬಳ್ಳಿ ಕತ್ತರಿಸೋದು), ಅಕ್ಟೋಬರ್ ಹೊತ್ತಿಗೆ ಇನ್ನೊಂದು. ಎರಡನೆಯದರಲ್ಲೇ ಹಣ್ಣು ಬಿಡೋದು, ಫೆಬ್ರವರಿ–ಮಾರ್ಚ್‌ಗೆ ಕೊಯ್ಲು. ಚಳಿಗಾಲದ ತಂಪು ರಾತ್ರಿಗಳು ಸಿಕ್ಕರೆ ಹಣ್ಣಿನಲ್ಲಿ ಹುಳಿ ನಿಲ್ಲುತ್ತದೆ. ಕೊಯ್ಲು ಬೇಸಿಗೆಗೆ ಜಾರಿದರೆ ಸಿಹಿ ಏರಿ ಹುಳಿ ಇಳಿದುಹೋಗುತ್ತದೆ, ವೈನ್ ಸಪ್ಪೆ ಆಗುತ್ತದೆ.

ಈ ಸೀಮೆಗೆ ದ್ರಾಕ್ಷಿ ಹೊಸದಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅಲ್ಲಿನ ಪೇಟೆಯಲ್ಲಿ ಒಂದು ಪಣಕ್ಕೆ (ಆಗಿನ ನಾಣ್ಯ) ಮೂರು ಗೊಂಚಲು ದ್ರಾಕ್ಷಿ ಅಥವಾ ಹತ್ತು ದಾಳಿಂಬೆ ಸಿಗುತ್ತಿದ್ದವು ಅಂತ ಬರೆದಿಟ್ಟಿದ್ದಾನೆ. ಈಗಲೂ ನಮ್ಮ ತಾಲ್ಲೂಕಿನಲ್ಲಿ ಅವೆರಡೇ ತೋಟ ಜಾಸ್ತಿ ಕಾಣೋದು. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆ, ವೈನ್‌ಗೆ ಅಂತಲೇ ನೀತಿ ತಂದಿತು, ದ್ರಾಕ್ಷಾರಸ ಮಂಡಳಿಯೂ ಬಂತು. ಆದರೂ ವೈನ್ ತಳಿ ಹಾಕಬೇಕಾದರೆ ಕೊಳ್ಳುವ ವೈನರಿಯ ಜೊತೆ ಮೊದಲೇ ಮಾತಾಗಿರಬೇಕು. ತಿನ್ನುವ ಹಣ್ಣಾದರೆ ಸಂತೆಗಾದರೂ ಒಯ್ಯಬಹುದು, ಇದನ್ನು ಯಾರಿಗೆ ಮಾರೋದು? ನಿಮ್ಮಂಥವರು ಇಲ್ಲಿನ ಅಂಗಡಿಗಳಲ್ಲಿ ಕೇಳಿ ಕೇಳಿ ತರಿಸಿದರೆ ನಮಗೂ ದಾರಿ ಆಗುತ್ತದೆ. ಅಂಗಡಿಯವರಿಗೆ ವಾರ ಮೊದಲೇ ಹೇಳಿ, ಅಂಗಡಿಗಳಿಗೆ ಮದ್ಯ ಹಂಚುವ ಸರ್ಕಾರಿ ಪಾನೀಯ ನಿಗಮದ ಡಿಪೋದಲ್ಲಿ ಇದ್ದರೆ ತರಿಸಿಕೊಡುತ್ತಾರೆ.

ಮಾನ್ವಿ ಅಕ್ಕ

ಎಲ್ಲ ಓದಿದೆ. ನನಗೆ ಇದು ಹಿಡಿಸಲಿಲ್ಲ, ಹೇಳಿಬಿಡ್ತೀನಿ. ನಮ್ಮ ಊರಲ್ಲಿ ಕುಡಿತದಿಂದ ಹಾಳಾದ ಮನೆಗಳನ್ನು ಕಣ್ಣಾರೆ ನೋಡಿದ್ದೇನೆ. 2007ರ ಜುಲೈನಲ್ಲಿ ಸಾರಾಯಿ ನಿಂತಾಗ ಹೆಣ್ಣುಮಕ್ಕಳು ಉಸಿರು ಬಿಟ್ಟಿದ್ದರು, ಆಮೇಲೆ ಅದರ ಜಾಗಕ್ಕೆ ಅಗ್ಗದ ಮದ್ಯದ ಕ್ವಾರ್ಟರ್‌ಗಳು ಬಂದವು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳುತ್ತಾ ನಡೆದ ಹೆಂಗಸರಲ್ಲಿ ನಮ್ಮ ರಾಯಚೂರು ಜಿಲ್ಲೆಯವರು ಬಹಳ ಮಂದಿ ಇದ್ದರು. ಕಾಲು ಬೊಬ್ಬೆ ಬಂದರೂ ನಡೆದರು. ವೈನ್ ಅಂದರೆ ಮರ್ಯಾದೆಯ ಕುಡಿತ, ಹೆಂಗಸರೂ ಕುಡಿಯಬಹುದು ಅಂತ ಬರೆದರೆ, ನಾಳೆ ಕುಡಿಯದ ಮನೆಗೂ ಒಂದು ಬಾಟಲಿ ಬರುತ್ತದೆ. ಅದನ್ನೂ ಯೋಚಿಸಿ.

ತೋರಣಗಲ್ಲು ಬಿ ಶಿಫ್ಟ್

ಅಕ್ಕಾ, ನಿಮ್ಮ ಮಾತು ತಳ್ಳಿಹಾಕೋದಿಲ್ಲ. ನಮ್ಮ ದೊಡ್ಡಪ್ಪನೂ ಅದರಿಂದಲೇ ಹೋದರು. ಅದಕ್ಕೇ ಅಕ್ಕ ವಿಸ್ಕಿ ಬೇಡ ಅಂದಿದ್ದು. ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ ಇಷ್ಟು ತೀರ್ಮಾನ ಮಾಡಿದ್ದೇವೆ: ಊಟದ ಜೊತೆ ಮಾತ್ರ, ತಂದಷ್ಟೇ, ಖಾಲಿಯಾದ ಮೇಲೆ ಯಾರೂ ಪೇಟೆಗೆ ಓಡುವಂತಿಲ್ಲ. ಬೇಡ ಅಂದವರನ್ನು ಎರಡನೇ ಸಲ ಕೇಳುವಂತಿಲ್ಲ. ಅವ್ವ ಮತ್ತು ಚಿಕ್ಕಮ್ಮ ಲಿಂಗಪೂಜೆ ಮಾಡುವವರು, ಮುಟ್ಟೋದಿಲ್ಲ. ಅವರ ಮುಂದೆ ಇಡಬಹುದಾ ಅಂತ ಮೊದಲು ಅವರನ್ನೇ ಕೇಳಿದೆವು. "ನಮ್ಮ ಊಟ ಮುಗಿದ ಮೇಲೆ ನಿಮ್ಮದು ನೀವು ಮಾಡಿಕೊಳ್ಳಿ" ಅಂದರು. ಹಾಗೇ ಮಾಡುತ್ತೇವೆ.

ಮಾನ್ವಿ ಅಕ್ಕ

ಕೇಳಿ ಮಾಡಿದ್ದೀರಲ್ಲ, ಅಷ್ಟು ಸಾಕು. ಅಳತೆ ಮೀರದ ಹಾಗೆ ನೋಡಿಕೊಳ್ಳಿ.

ಔಷಧಿ ಸಿಂಧನೂರು

ಅಳತೆ ಅಂದಿದ್ದಕ್ಕೆ ನಾನು ಬರೆಯುತ್ತೇನೆ. ನನ್ನದು ಮೆಡಿಕಲ್ ಸ್ಟೋರ್, ಈ ಪ್ರಶ್ನೆ ದಿನಾ ಬರುತ್ತದೆ.

ವೈನ್ ಹಣ್ಣಿನ ರಸ, ಏನೂ ಆಗೋದಿಲ್ಲ ಅನ್ನೋದು ತಪ್ಪು. ಶೇ 12.5ರ ವೈನ್ 750 ಎಂಎಲ್ ಬಾಟಲಿಯಲ್ಲಿ ಸುಮಾರು 94 ಎಂಎಲ್ ಶುದ್ಧ ಆಲ್ಕೋಹಾಲ್ ಇರುತ್ತದೆ. 180 ಎಂಎಲ್ ವಿಸ್ಕಿ ಕ್ವಾರ್ಟರ್‌ನಲ್ಲಿ ಇರೋದು 77 ಎಂಎಲ್. ಅಂದರೆ ಒಂದು ಬಾಟಲಿ ವೈನ್ ಒಬ್ಬರೇ ಕುಡಿದರೆ ಕ್ವಾರ್ಟರ್‌ಗಿಂತ ಜಾಸ್ತಿ ಆಯಿತು. 150 ಎಂಎಲ್ ಗ್ಲಾಸ್ ಅಂದರೆ 45 ಎಂಎಲ್ ವಿಸ್ಕಿಗೆ ಸಮ. ಒಂದು ಬಾಟಲಿಗೆ ಅಂಥ ಐದು ಗ್ಲಾಸ್ ಬರುತ್ತವೆ. ಈ ಲೆಕ್ಕದಲ್ಲಿ ತನ್ನಿ. ಹತ್ತರಲ್ಲಿ ಕುಡಿಯುವವರು ಏಳೆಂಟು ಮಂದಿ ಅಂದರೆ ಒಂದು ಊಟಕ್ಕೆ ಎರಡು ಬಾಟಲಿ ಸಾಕು.

ಮೆಟ್ರೊನಿಡಜೋಲ್, ಟಿನಿಡಜೋಲ್ ಮಾತ್ರೆ ತಗೊಳ್ಳುತ್ತಿರುವವರು ಒಂದು ಗುಟುಕೂ ಬೇಡ. ಹೊಟ್ಟೆ ಕೆಟ್ಟಾಗ ಬರೆದುಕೊಡುವ ಮಾತ್ರೆ ಅದು, ಬೇಸಿಗೆಯಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ. ನಿದ್ದೆ ಮಾತ್ರೆ ತಗೊಳ್ಳುವವರೂ ದೂರ ಇರಿ. ಶುಗರ್‌ಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಶುಗರ್ ಒಮ್ಮೆಲೆ ಇಳಿಯಬಹುದು. ಬೇರೆ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳಿ. ಬಸುರಿಯರಿಗೆ, ಹಾಲೂಡಿಸುವವರಿಗೆ ಬೇಡ. 21 ತುಂಬದ ಹುಡುಗರಿಗೆ "ರುಚಿ ನೋಡು" ಅಂತಲೂ ಕೊಡಬೇಡಿ.

ಹೃದಯಕ್ಕೆ ಒಳ್ಳೇದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿದರೆ ರುಚಿಗೆ ಕುಡಿಯಿರಿ, ಔಷಧಿ ಅಂತ ಅಲ್ಲ. ಕುಡಿದವರು ಗಾಡಿ ಮುಟ್ಟಬೇಡಿ.

ಕೌಲ್ ಬಜಾರ್

ಕುಡಿಯದವರಿಗೂ ಗ್ಲಾಸಿನಲ್ಲಿ ಏನಾದರೂ ಇರಲಿ ಅಣ್ಣಾ. ಇಲ್ಲದಿದ್ದರೆ ಅವರು ಪಕ್ಕಕ್ಕೆ ಕೂತ ಹಾಗೆ ಆಗುತ್ತೆ. ಬೆಂಗಳೂರು ನೀಲಿ ದ್ರಾಕ್ಷಿ ಸಿಕ್ಕರೆ ತನ್ನಿ. 2013ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕ ತಳಿ ಅದು, ರಸದ ಬಣ್ಣ, ವಾಸನೆ ಎರಡೂ ಗಟ್ಟಿ. ಸ್ವಲ್ಪ ನೀರು ಹಾಕಿ ಸಿಪ್ಪೆ ಬಿಡುವವರೆಗೆ ಕುದಿಸಿ, ಸೋಸಿ, ತಣ್ಣಗೆ ಮಾಡಿ ಸೋಡಾ ಸೇರಿಸಿ. ಕೊಪ್ಪಳದ ದಾಳಿಂಬೆ ಕಾಳು ನಾಲ್ಕು ಉದುರಿಸಿ. ಮಕ್ಕಳೂ ಅವ್ವಂದಿರೂ ಖುಷಿಯಾಗಿ ಕುಡಿಯುತ್ತಾರೆ.

ನಮ್ಮ ಮನೆಯಲ್ಲಿ ಕ್ರಿಸ್‌ಮಸ್‌ಗೆ ಅಜ್ಜಿ ಪಿಂಗಾಣಿ ಜಾಡಿಯಲ್ಲಿ ದ್ರಾಕ್ಷಿ, ಸಕ್ಕರೆ, ಗೋಧಿ, ಚಕ್ಕೆ, ಲವಂಗ ಹಾಕಿ ವೈನ್ ಹಾಕುತ್ತಿದ್ದರು. ಬಾಯಿಗೆ ಬಟ್ಟೆ ಕಟ್ಟಿ ಕತ್ತಲೆ ಮೂಲೆಯಲ್ಲಿ ಇಡೋದು, ದಿನಾ ಒಂದು ಸಲ ಒಣಗಿದ ಮರದ ಸೌಟಿನಿಂದ ತಿರುಗಿಸೋದು. ಕಾವಿನ ಜಾಗ ಆದರೆ ಹುದುಗು ಜೋರಾಗಿ ಉಕ್ಕಿ ಹುಳಿ ಹಿಡಿಯುತ್ತೆ ಅಂತ ಅವರು ಡಿಸೆಂಬರ್ ಬಿಟ್ಟು ಬೇರೆ ತಿಂಗಳು ಮುಟ್ಟುತ್ತಿರಲಿಲ್ಲ. ಹಾಗಾಗಿ ಮೇ ತಿಂಗಳಲ್ಲಿ ಮನೆಯಲ್ಲೇ ಮಾಡುವ ಯೋಚನೆ ಯಾರಿಗಾದರೂ ಬಂದಿದ್ದರೆ ಬಿಟ್ಟುಬಿಡಿ. ಲೈಸೆನ್ಸ್ ಇಲ್ಲದೆ ಮಾಡಿ ಮಾರೋದಂತೂ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ.

ಲಿಂಗಸೂಗೂರು ಹುಡುಗ

ಗ್ಲಾಸ್ ಯಾವುದು ಬೇಕು? ಕಾಲು ಇರೋ ಗ್ಲಾಸೇ ಆಗಬೇಕಾ?

ರಾಯಚೂರು ಬಿಸಿಲು

ಬೇಕಂತಿಲ್ಲ ತಮ್ಮಾ. ಬಾಯಿ ತುಸು ಕಿರಿದಾಗಿರುವ ಗಾಜಿನ ಲೋಟ ಆದರೆ ಸಾಕು. ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಮೇಲಿನ ಖಾಲಿ ಜಾಗದಲ್ಲೇ ವಾಸನೆ ನಿಲ್ಲೋದು. ಲೋಟ ತೊಳೆದ ಸಾಬೂನಿನ ವಾಸನೆ ಪೂರ್ತಿ ಹೋಗಿರಲಿ.

ತೋರಣಗಲ್ಲು ಬಿ ಶಿಫ್ಟ್

ಇವತ್ತು ಬಳ್ಳಾರಿಯಲ್ಲಿ ಅಂಗಡಿ ಸುತ್ತಿ ಬಂದೆ. ಮೊದಲ ಅಂಗಡಿಯಲ್ಲಿ ವೈನ್ ಇತ್ತು, ಆದರೆ ಮೇಲಿನ ಕಪಾಟಿನಲ್ಲಿ, ರಸ್ತೆ ಬಿಸಿಲು ನೇರ ಬೀಳುವ ಕಡೆ. ಒಂದು ಬಾಟಲಿ ಇಳಿಸಿ ಕುತ್ತಿಗೆ ಮುಟ್ಟಿದೆ, ಬೆರಳಿಗೆ ಕೆಂಪು ಅಂಟು ಬಂತು. ಕಾರ್ಕ್ ಹಾಳೆಯ ಒಳಗಿಂದ ದಬ್ಬಿಕೊಂಡು ನಿಂತಿತ್ತು. ವಾಪಸ್ ಕೊಟ್ಟೆ. "ಎಲ್ಲರೂ ಇದೇ ಒಯ್ಯುತ್ತಾರೆ ಸರ್" ಅಂದರು.

ಇನ್ನೊಂದು ಕಡೆ ಒಳಕೋಣೆಯಲ್ಲಿ ಎಸಿ ಇತ್ತು, ಪೆಟ್ಟಿಗೆ ಒಡೆದು ಕೊಟ್ಟರು. ಶೆನಿನ್ ಬ್ಲಾಂಕ್ ಎರಡು, ಹೋದ ವರ್ಷದ ಕೊಯ್ಲಿನದು, ತಿರುಪಿನ ಮುಚ್ಚಳ. ಶಿರಾಜ್ ಒಂದು. ರೋಸೆ ಒಂದು. ಎಲ್ಲವೂ ಬಜೆಟ್ ಒಳಗೇ ಬಂದವು. ಸೀಟಿನ ಕೆಳಗೆ ಒದ್ದೆ ಗೋಣಿಚೀಲದಲ್ಲಿ ಸುತ್ತಿ ಸಂಜೆ ಮೇಲೆ ಕೊಪ್ಪಳಕ್ಕೆ ತಂದೆ.

ಎಣ್ಣೆಗಾಯಿ ಗಂಗಾವತಿ

ಒಳ್ಳೇ ಆಯ್ಕೆ. ಶೆನಿನ್ ಮೊದಲ ದಿನ ತೆಗೆಯಿರಿ. ಅತ್ತಿಗೆಗೆ ಮೊದಲು ಬರೀ ಎರಡು ಗುಟುಕು ಕೊಡಿ, ಒಂದು ತುತ್ತು ಎಣ್ಣೆಗಾಯಿ ತಿಂದು ಮತ್ತೆ ಕುಡಿಯಲು ಹೇಳಿ. ವ್ಯತ್ಯಾಸ ಅವರಿಗೇ ಗೊತ್ತಾಗಲಿ.

ತೋರಣಗಲ್ಲು ಬಿ ಶಿಫ್ಟ್

ಊಟಗಳು ಮುಗಿದವು. ಬರೆಯೋಕೆ ತಡವಾಯಿತು.

ಶೆನಿನ್ ಎಲ್ಲರಿಗೂ ಹಿಡಿಸಿತು. ಅತ್ತಿಗೆ ಮೊದಲ ಗುಟುಕಿಗೆ ಹುಳಿ ಅಂದರು, ರೊಟ್ಟಿ ಎಣ್ಣೆಗಾಯಿ ತಿಂದ ಮೇಲೆ ಸುಮ್ನೆ ಕೂತು ಗ್ಲಾಸ್ ಮುಗಿಸಿದರು. ಅಕ್ಕನಿಗೆ ರೋಸೆ ಇಷ್ಟ ಆಯಿತು. ಶಿರಾಜ್ ಕುಡಿದ ಅಣ್ಣ "ಹಸಿ ಅಡಿಕೆ ಅಗಿದಂಗೆ ಆಯ್ತು" ಅಂತ ಮುಖ ಹಿಂಡಿದ. ಮಟನ್ ಜೊತೆ ಮತ್ತೆ ಕುಡಿದಾಗ ಪರವಾಗಿಲ್ಲ ಅಂದ. ಆದರೂ ಭಾವ ಒಬ್ಬರೇ ಅದನ್ನು ಪೂರ್ತಿ ಮೆಚ್ಚಿದ್ದು. ಅವರಿಗೆ ಫ್ರಿಜ್‌ನಿಂದ ತೆಗೆದ ಗ್ಲಾಸು, ಹೊರಗೇ ಇಟ್ಟ ಗ್ಲಾಸು ಎರಡೂ ಕೊಟ್ಟೆವು. ಹೊರಗಿನದನ್ನು ಅವರೇ ಪಕ್ಕಕ್ಕೆ ಸರಿಸಿದರು.

ಎರಡೂ ದಿನ ಒಂಬತ್ತಕ್ಕೆಲ್ಲ ಎಲ್ಲರೂ ಊಟಕ್ಕೆ ಕೂತಿದ್ದೆವು. ಅವ್ವ ದ್ರಾಕ್ಷಿ ಸೋಡಾ ಹಿಡಿದು ಕಡೇತನಕ ನಮ್ಮ ಜೊತೆಯೇ ಕೂತಿದ್ದಳು. ಹೇಳಿಕೊಟ್ಟ ಎಲ್ಲರಿಗೂ ಮನಸಾರೆ ನಮಸ್ಕಾರ.

ಈಗ ಒಂದು ಪ್ರಶ್ನೆ. ಶಿರಾಜ್ ಅರ್ಧಕ್ಕೂ ಕಮ್ಮಿ ಉಳಿದಿದೆ. ಎಷ್ಟು ದಿನ ಇಡಬಹುದು?

ರಾಯಚೂರು ಬಿಸಿಲು

ದೊಡ್ಡ ಬಾಟಲಿಯಲ್ಲೇ ಬಿಡಬೇಡಿ, ಒಳಗಿನ ಗಾಳಿಯೇ ಅದನ್ನು ಕೆಡಿಸೋದು. ಸಣ್ಣ ಗಾಜಿನ ಬಾಟಲಿ ಚೆನ್ನಾಗಿ ತೊಳೆದು ಒಣಗಿಸಿ, ಕಂಠದವರೆಗೆ ತುಂಬಿ, ಮುಚ್ಚಳ ಬಿಗಿ ಮಾಡಿ ಫ್ರಿಜ್‌ನ ಒಳಗಡೆ ಇಡಿ. ಬಾಗಿಲಲ್ಲಿ ಬೇಡ, ತೆಗೆದು ಹಾಕುವಾಗ ಕಾವು ತಾಗುತ್ತದೆ. ಮೂರು ದಿನ ಚೆನ್ನಾಗಿರುತ್ತದೆ.

ಎಣ್ಣೆಗಾಯಿ ಗಂಗಾವತಿ

ಮೂರು ದಿನ ದಾಟಿದರೆ ಚೆಲ್ಲಬೇಡಿ. ಮುಂದಿನ ಸಲ ಮಟನ್ ಮಾಡುವಾಗ ಈರುಳ್ಳಿ ಕೆಂಪಗಾದ ಮೇಲೆ ಟೊಮೆಟೊ ಅರ್ಧದಷ್ಟೇ ಹಾಕಿ, ಉಳಿದರ್ಧದ ಬದಲಿಗೆ ಒಂದು ಲೋಟ ಇದನ್ನು ಹಾಕಿ. ಮುಚ್ಚಳ ತೆಗೆದಿಟ್ಟು ದೊಡ್ಡ ಉರಿಯಲ್ಲಿ ಅರ್ಧಕ್ಕೆ ಇಂಗಿಸಿ, ಆಮೇಲೆ ಮಸಾಲೆ, ಮಾಂಸ ಹಾಕಿ ಕುಕ್ಕರ್ ಮುಚ್ಚಿ. ಕುದಿಸಿದರೂ ಆಲ್ಕೋಹಾಲ್ ಪೂರ್ತಿ ಹೋಗೋದಿಲ್ಲ, ಹಾಗಾಗಿ ಮಕ್ಕಳಿಗೆ, ಅವ್ವ ಚಿಕ್ಕಮ್ಮನಿಗೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿ.